ಮಾಡೆಲ್ ಹಬೆ ಎಂಜಿನ್‌ನ ಬಾಯ್ಲರ್ ತೊಳೆಯುವುದು, ಕಾಪಾಡುವುದು: ಸಮಗ್ರ ಮಾರ್ಗದರ್ಶಿ

ಬಾಯ್ಲರ್ ತೊಳೆಯುವ ಮಾತು ಬಂದರೆ ಹೊಸಬರು ಮೊದಲು ಕೇಳುವುದು ‘ಯಾವ ಆಸಿಡ್ ಹಾಕಬೇಕು?’ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಒಳಗೆ ತುಂಬುವ ನೀರು ಸರಿಯಿದ್ದು, ಓಡಿಸಿದ ದಿನವೇ ಅರ್ಧ ಗಂಟೆ ಕೈಕೆಲಸ ಮಾಡಿದರೆ ಆಸಿಡ್ ಡಬ್ಬ ತೆಗೆಯುವ ಪ್ರಸಂಗ ವರ್ಷಗಟ್ಟಲೆ ಬರುವುದಿಲ್ಲ. ಹಾಗಾಗಿ ಆಸಿಡ್ ವಿಚಾರ ಇಲ್ಲಿ ಸ್ವಲ್ಪ ತಡವಾಗಿ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ 3½ ಇಂಚು ಮತ್ತು 5 ಇಂಚು ಗೇಜಿನ (ಅಂದರೆ ಎರಡು ಹಳಿಗಳ ನಡುವಿನ ಅಗಲದ) ಎಂಜಿನ್‌ಗಳ ಬಗ್ಗೆ. ಕಲ್ಲಿದ್ದಲಿನಲ್ಲಿ ಓಡುವಂಥವು, ಹಿಂದೆ ಟ್ರಾಲಿ ಕಟ್ಟಿಕೊಂಡು ಮನುಷ್ಯರನ್ನೇ ಎಳೆಯುವಂಥವು. ಬ್ರಿಟನ್ನಿನ ಮಾಡೆಲ್ ಎಂಜಿನಿಯರಿಂಗ್ ಕ್ಲಬ್‌ಗಳಲ್ಲಿ ಬೆಳೆದ ಹವ್ಯಾಸ ಇದು. ಇವುಗಳ ಬಾಯ್ಲರ್ ಸಾಮಾನ್ಯವಾಗಿ ತಾಮ್ರದ್ದು, ಜೋಡಣೆಗಳೆಲ್ಲ ಬೆಳ್ಳಿ ಬೆಸುಗೆಯವು. ಒತ್ತಡ 80ರಿಂದ 100 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಸ್ಟೀಲ್ ಬಾಯ್ಲರ್, ಗ್ಯಾಸ್‌ನಲ್ಲಿ ಓಡುವ ಪುಟ್ಟ ಎಂಜಿನ್‌ಗಳಿಗೆ ಬೇರೆಯಾಗುವ ಮಾತುಗಳನ್ನು ಕೊನೆಗೆ ಹೇಳುತ್ತೇನೆ.

ಕೈ ಹಾಕುವ ಮುಂಚೆ ಒಂದು ಲೆಕ್ಕ ತಲೆಯಲ್ಲಿರಲಿ. 80 ಪಿಎಸ್‌ಐ ಒತ್ತಡದಲ್ಲಿ ಬಾಯ್ಲರ್ ಒಳಗಿನ ನೀರು ಸುಮಾರು 162 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಗ ಯಾವುದಾದರೂ ಪ್ಲಗ್ ಬಿಚ್ಚಿದರೆ ಹೊರಗೆ ಬರುವುದು ಬಿಸಿನೀರಷ್ಟೇ ಅಲ್ಲ, ಅದರ ಒಂದು ಪಾಲು ಆ ಕ್ಷಣದಲ್ಲೇ ಹಬೆಯಾಗಿ ಸಿಡಿಯುತ್ತದೆ. ಒತ್ತಡದ ಗೇಜು ಸೊನ್ನೆ ತೋರಿಸಿದರೆ ಸಾಲದು, ಮುಳ್ಳು ಸಿಕ್ಕಿಕೊಂಡಿರಬಹುದು. ಬ್ಲೋವರ್ ವಾಲ್ವ್ (ಬೆಂಕಿ ಜೋರಾಗಲು ಚಿಮಣಿಗೆ ಹಬೆ ಬಿಡುವುದು) ಅಥವಾ ರೆಗ್ಯುಲೇಟರ್ (ಸಿಲಿಂಡರಿಗೆ ಹಬೆ ಬಿಡುವುದು) ತೆರೆದು, ಹಬೆ ಬರುತ್ತಿಲ್ಲ ಅಂತ ಕಣ್ಣಾರೆ ನೋಡಿ. ಬಾಯ್ಲರ್ ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಮೊದಲು ನೀರು

ನಮ್ಮ ಕಡೆ ಜನ ‘ಉಪ್ಪು ನೀರು’ ಅನ್ನುವುದು ಗಡಸು ನೀರಿಗೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪೊರೆ ಇದೆಯಲ್ಲ, ಬಾಯ್ಲರ್ ಒಳಗೆ ಕಟ್ಟುವುದೂ ಅದೇ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಾಮ್ರಕ್ಕೆ ಅಂಟುತ್ತದೆ. ಹಬೆಯ ಜೊತೆ ಅದು ಹೊರಗೆ ಹೋಗುವುದಿಲ್ಲ. ಹಬೆಯಾದ ನೀರಿನ ಉಪ್ಪೆಲ್ಲ ಒಳಗೇ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ನೀರಿನ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಅಂದುಕೊಳ್ಳಿ. ಒಂದು ದಿನದ ಓಟದಲ್ಲಿ 10 ಲೀಟರ್ ಹಬೆಯಾದರೆ 3 ಗ್ರಾಂ ಒಳಗೆ ಉಳಿಯಿತು. ಇಪ್ಪತ್ತು ದಿನ ಓಡಿಸಿದರೆ 60 ಗ್ರಾಂ. ಕೆಲವೇ ಲೀಟರ್ ಹಿಡಿಯುವ ಬಾಯ್ಲರ್‌ಗೆ ಅದು ಸಣ್ಣ ವಿಷಯವಲ್ಲ. ಕುಡಿಯುವ ನೀರಿಗೆ ಭಾರತದ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಬಿಡುತ್ತದೆ. ಅಂದರೆ ಕುಡಿಯೋಕೆ ಆಗುವ ನೀರು ಬಾಯ್ಲರ್‌ಗೂ ಆಗಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿದ್ದರೆ ಬೋರ್ ನೀರನ್ನು ಬಾಯ್ಲರ್ ಹತ್ತಿರವೂ ತರಬೇಡಿ. ಕಾವೇರಿ ನೀರು ಎಷ್ಟೋ ವಾಸಿ.

ನಾನು ಶಿಫಾರಸು ಮಾಡುವುದು ಮನೆಯ ಆರ್‌ಓ ನೀರು ಅಥವಾ ಮಳೆನೀರು. ಮಳೆನೀರಾದರೆ ಮೊದಲ ಮಳೆಯದ್ದು ಬಿಟ್ಟು, ಆಮೇಲಿನದ್ದನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ. ಪೂರ್ತಿ ಖನಿಜ ತೆಗೆದ ನೀರಿನ ಬಗ್ಗೆ ಹವ್ಯಾಸಿಗಳಲ್ಲಿ ಹಳೆಯ ಜಗಳವೇ ಇದೆ. ಅದು ಹಿತ್ತಾಳೆ ಬಿಡಿಭಾಗಗಳನ್ನು ನಿಧಾನಕ್ಕೆ ತಿನ್ನುತ್ತದೆ ಅನ್ನುವುದು ಒಂದು ಕಡೆಯವರ ವಾದ. ಆರ್‌ಓ ನೀರಿನಲ್ಲಿ ಸ್ವಲ್ಪ ಖನಿಜ ಉಳಿದಿರುತ್ತದೆ, ಹಾಗಾಗಿ ಈ ಜಗಳಕ್ಕೆ ಇಳಿಯುವ ಅಗತ್ಯವೇ ಇಲ್ಲ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತರುವವರು ಕ್ಯಾನ್ ಮೇಲಿನ ಚೀಟಿ ಓದಿ. ಪಕ್ಕದಲ್ಲೇ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ!

ಅಪಾರ್ಟ್‌ಮೆಂಟ್‌ಗಳ ಸಾಫ್ಟನರ್ ನೀರು ಬೇಡ. ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಪೊರೆ ಕಟ್ಟುವುದಿಲ್ಲ ನಿಜ, ಆದರೆ ಕುದಿಯುತ್ತಾ ಕುದಿಯುತ್ತಾ ಸೋಡಿಯಂ ಉಪ್ಪು ಗಟ್ಟಿಯಾಗಿ ನೀರು ನೊರೆ ಏಳುತ್ತದೆ. ಆಗ ಹಬೆಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ಇದಕ್ಕೆ ಪ್ರೈಮಿಂಗ್ ಅನ್ನುತ್ತಾರೆ.

ಓಡಿಸಿ ಮುಗಿಸಿದ ಮೇಲಿನ ಅರ್ಧ ಗಂಟೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಕೊನೆಯ ಸುತ್ತಿನಲ್ಲಿ ಹೊಸ ಕಲ್ಲಿದ್ದಲು ಹಾಕಬೇಡಿ. ಬೆಂಕಿ ಇಳಿಯುತ್ತಿದ್ದಂತೆ ಇಂಜೆಕ್ಟರ್‌ನಿಂದ (ಹಬೆಯ ಬಲದಲ್ಲೇ ಬಾಯ್ಲರ್‌ಗೆ ನೀರು ತಳ್ಳುವ ಸಾಧನ) ನೀರು ಬಿಟ್ಟು, ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆ ಗೇಜ್ ಗ್ಲಾಸ್‌ನ ಮುಕ್ಕಾಲು ಮಟ್ಟಕ್ಕೆ ತನ್ನಿ. ಆಮೇಲೆ ಗ್ರೇಟ್ (ಬೆಂಕಿ ಕೂರುವ ಜಾಲರಿ) ಬೀಳಿಸಿ ಬೆಂಕಿಯನ್ನು ಪೂರ್ತಿ ಹೊರಗೆ ಎಳೆಯಿರಿ. ಒಂದು ಕೆಂಡವೂ ಉಳಿಯಬಾರದು. ನೀರು ಖಾಲಿಯಾಗುವ ಹೊತ್ತಿಗೆ ಫೈರ್‌ಬಾಕ್ಸ್‌ನಲ್ಲಿ (ಬೆಂಕಿಗೂಡು) ಬೆಂಕಿ ಇದ್ದರೆ ಅದರ ಚಾವಣಿಯಾದ ಕ್ರೌನ್ ಶೀಟ್ ಸುಟ್ಟು ಮೆತ್ತಗಾಗುತ್ತದೆ. ತಾಮ್ರದ ಬಾಯ್ಲರ್‌ಗೆ ಅದಕ್ಕಿಂತ ದೊಡ್ಡ ಅಪಘಾತ ಇಲ್ಲ.

ಒತ್ತಡ 20ರಿಂದ 30 ಪಿಎಸ್‌ಐಗೆ ಇಳಿಯುವವರೆಗೆ ಕಾಯಿರಿ. ಬ್ಲೋಡೌನ್ ವಾಲ್ವ್‌ನ (ಬಾಯ್ಲರ್ ತಳದಿಂದ ನೀರು, ಕೆಸರು ಹೊರಬಿಡುವ ವಾಲ್ವ್) ಬಾಯಿಯ ಕಡೆ ಮಕ್ಕಳು, ನಾಯಿ, ಯಾರ ಕಾಲೂ ಇಲ್ಲ ಅಂತ ನೋಡಿಕೊಂಡು ವಾಲ್ವ್ ಪೂರ್ತಿ ತೆರೆಯಿರಿ. ತಳದಲ್ಲಿ ಕೂತ ಕೆಸರನ್ನು ಎಬ್ಬಿಸಿ ಎಳೆದೊಯ್ಯುವಷ್ಟು ರಭಸ ಆ ಒತ್ತಡಕ್ಕೆ ಇರುತ್ತದೆ. ಕೆಲವರು 80ರಲ್ಲೇ ತೆರೆದು ದೊಡ್ಡ ಮೋಡ ಎಬ್ಬಿಸುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ, ಫೋಟೊಗೂ ಒಳ್ಳೆಯದು. ಆದರೆ ತಾಮ್ರಕ್ಕೆ ಅಷ್ಟು ದೊಡ್ಡ ಬಿಸಿ-ತಂಪಿನ ಏಟು ಕೊಡುವುದು ನನಗೆ ಹಿಡಿಸುವುದಿಲ್ಲ.

ಮೊದಲ ಒಂದೆರಡು ಸೆಕೆಂಡಿನ ನೀರನ್ನು ಗಮನಿಸಿ. ಹಾಲಿನ ಹಾಗೆ ಬೆಳ್ಳಗಿದ್ದರೆ ಸುಣ್ಣದ ಪುಡಿ ಇನ್ನೂ ಸಡಿಲವಾಗಿದೆ, ಹೊರಗೆ ಹೋಗುತ್ತಿದೆ, ಒಳ್ಳೆಯದೇ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲಿದರೆ ಒಳಗೆ ಎಣ್ಣೆ ಸೇರಿದೆ. ಪ್ರತಿ ಸಲವೂ ಗಡಸು ನೀರು ತುಂಬಿ, ಬ್ಲೋಡೌನ್ ಮಾತ್ರ ತಿಳಿಯಾಗಿ ಬರುತ್ತಿದ್ದರೆ ಸಂತೋಷಪಡಬೇಡಿ. ಸುಣ್ಣ ಒಳಗೇ ಅಂಟಿಕೊಳ್ಳುತ್ತಿದೆ ಅಂತ ಅರ್ಥ.

ನಾಳೆಯೇ ಓಡಿಸುವುದಿದ್ದರೆ ಕಾಲು ಭಾಗ ಬಿಟ್ಟರೆ ಸಾಕು. ವಾರಗಟ್ಟಲೆ ಎತ್ತಿಡುವುದಿದ್ದರೆ ಪೂರ್ತಿ ಬಿಡಿ. ಒತ್ತಡ ಸೊನ್ನೆಗೆ ಬಂದ ತಕ್ಷಣ ಬ್ಲೋವರ್ ವಾಲ್ವನ್ನು ತೆರೆದು ಗಾಳಿ ಒಳಗೆ ಬಿಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಎಲ್ಲ ಮುಚ್ಚಿಟ್ಟರೆ ಉಳಿದ ಹಬೆ ತಣ್ಣಗಾಗಿ ನೀರಾಗುತ್ತದೆ, ಒಳಗೆ ನಿರ್ವಾತ ಉಂಟಾಗುತ್ತದೆ. ಆ ನಿರ್ವಾತ ಲೂಬ್ರಿಕೇಟರ್‌ನಲ್ಲಿರುವ ಸಿಲಿಂಡರ್ ಎಣ್ಣೆಯನ್ನು ಹಬೆಯ ಪೈಪಿನ ಮೂಲಕ ಬಾಯ್ಲರ್ ಒಳಗೆ ಹೀರಬಲ್ಲದು. ‘ಬಾಯ್ಲರ್ ಒಳಗೆ ಎಣ್ಣೆ ಹೇಗೆ ಬಂತು?’ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಿ.

ಬಿಸಿ ಬಾಯ್ಲರ್‌ಗೆ ತಣ್ಣೀರು ಸುರಿಯಬಾರದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಬೆಂಕಿಯ ಕಡೆ

ನೀರಿನ ಕಡೆ ಒಳಗೆ, ಬೆಂಕಿಯ ಕಡೆ ಹೊರಗೆ. ಬಾಯ್ಲರ್‌ಗೆ ಎರಡು ಮುಖ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಅದರ ಬೂದಿ, ಮಸಿ ಒಣಗಿದ್ದಾಗ ಅಷ್ಟೇನೂ ತೊಂದರೆ ಕೊಡುವುದಿಲ್ಲ. ತೇವ ಸೇರಿತೋ, ಆಸಿಡ್ ಆಗಿ ಸ್ಮೋಕ್‌ಬಾಕ್ಸ್‌ನ (ಮುಂಭಾಗದಲ್ಲಿ ಚಿಮಣಿಯ ಕೆಳಗಿನ ಹೊಗೆಗೂಡು) ತಗಡನ್ನು ತಿನ್ನೋಕೆ ಶುರು ಮಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೂದಿ ತುಂಬಿದ ಎಂಜಿನ್ ಎತ್ತಿಟ್ಟರೆ ಗಾಳಿಯ ತೇವವೇ ಸಾಕು. ಹಾಗಾಗಿ ಅವತ್ತೇ, ಎಂಜಿನ್ ಬೆಚ್ಚಗಿರುವಾಗಲೇ ಬೂದಿ ತೆಗೆಯಿರಿ.

ಸ್ಮೋಕ್‌ಬಾಕ್ಸ್ ಬಾಗಿಲು ತೆರೆದು, ಫೈರ್‌ಬಾಕ್ಸ್‌ನಿಂದ ಬಿಸಿ ಹೊಗೆ ಬರುವ ಟ್ಯೂಬ್‌ಗಳಿಗೆ ಬ್ರಷ್ ಹಾಕಿ. ಟ್ಯೂಬಿನ ಒಳ ಅಳತೆಗೆ ಸರಿಯಾದ ಹಿತ್ತಾಳೆ ಅಥವಾ ನೈಲಾನ್ ಕೂದಲಿನ ಬ್ರಷ್ ಬೇಕು. ನೈಲಾನ್ ಆದರೆ ಎಂಜಿನ್ ಆರಿರಬೇಕು. ಒಂದು ಕಡೆಯಿಂದ ತಳ್ಳಿ, ಆ ಕಡೆ ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಿರಿ. ಅರ್ಧದಲ್ಲಿ ದಿಕ್ಕು ಬದಲಿಸಿದರೆ ಕೂದಲು ಉಲ್ಟಾ ಮಡಚಿ ಬ್ರಷ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸೂಪರ್‌ಹೀಟರ್ ಪೈಪ್ (ಹಬೆಯನ್ನು ಇನ್ನಷ್ಟು ಕಾಯಿಸುವ ಪೈಪ್) ಇರುವ ದೊಡ್ಡ ಟ್ಯೂಬ್‌ಗಳಲ್ಲಿ ಬ್ರಷ್ ಹೋಗುವುದಿಲ್ಲ. ಸಂದಿಯಲ್ಲಿ ತೆಳು ಬ್ರಷ್ ಆಡಿಸಿ, ಗಾಳಿ ಊದಿ.

ಟ್ಯೂಬ್‌ಗಳ ತುದಿಯನ್ನು ಟಾರ್ಚ್ ಹಿಡಿದು ನೋಡಿ. ಟ್ಯೂಬ್ ತಟ್ಟೆಗೆ ಸೇರುವ ಜಾಗದಿಂದ ಬಿಳಿ ಅಥವಾ ಹಸಿರು ಗೆರೆ ಇಳಿದಿದ್ದರೆ ಅಲ್ಲಿ ನೀರು ಜಿನುಗುತ್ತಿದೆ. ಅದಕ್ಕೆ ಸೀಸದ ಬೆಸುಗೆ, ಎಪಾಕ್ಸಿ, ಏನನ್ನೂ ಮೆತ್ತಬೇಡಿ. ಒಮ್ಮೆ ಸೀಸದಂಥ ಮೆತ್ತನೆ ಬೆಸುಗೆ ಹಚ್ಚಿದ ಜಾಗದಲ್ಲಿ ಆಮೇಲೆ ಬೆಳ್ಳಿ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ರಿಪೇರಿ ಮಾಡುವವರ ಕೈ ಕಟ್ಟಿಹಾಕಿದ ಹಾಗೆ. ಬಾಯ್ಲರ್ ಮಾಡುವವರಿಗೇ ಕೊಡಿ.

ವಾಷ್‌ಔಟ್

ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದಾಗ ನಿಂತಿರುವ ಹಬೆ ಎಂಜಿನ್‌ಗಳ ಫೈರ್‌ಬಾಕ್ಸ್ ಸುತ್ತ, ಅದರಲ್ಲೂ ಕೆಳಮೂಲೆಗಳಲ್ಲಿ ಕಣ್ಣಾಡಿಸಿ. ದಪ್ಪ ಪ್ಲಗ್‌ಗಳು ಕಾಣುತ್ತವೆ. ಲೋಕೋಶೆಡ್‌ಗಳಲ್ಲಿ ಅವನ್ನು ಬಿಚ್ಚಿ ಪೈಪಿನಿಂದ ನೀರು ಹೊಡೆದು ತೊಳೆಯುತ್ತಿದ್ದರು. ಮಾಡೆಲ್‌ನಲ್ಲೂ ಕೆಸರು ಕೂರುವುದು ಅಲ್ಲೇ, ಫೌಂಡೇಶನ್ ರಿಂಗ್ (ಫೈರ್‌ಬಾಕ್ಸ್‌ನ ಬುಡವನ್ನು ಬಾಯ್ಲರ್‌ನ ಹೊರಗೋಡೆಗೆ ಸೇರಿಸುವ ಚೌಕಟ್ಟು) ಮೇಲಿನ ಸಂದಿಯಲ್ಲಿ. ವರ್ಷಕ್ಕೆ ಒಂದೆರಡು ಸಲ, ಜಾಸ್ತಿ ಓಡಿಸುವವರು ಇನ್ನೂ ಬೇಗ, ಹೀಗೆ ಪ್ಲಗ್ ಬಿಚ್ಚಿ ತೊಳೆಯುವ ವಾಷ್‌ಔಟ್ ಮಾಡಬೇಕು.

ಬಾಯ್ಲರ್ ಪೂರ್ತಿ ತಣ್ಣಗಿರಲಿ. ಎಲ್ಲ ಪ್ಲಗ್, ಬ್ಲೋಡೌನ್ ವಾಲ್ವ್, ಸೇಫ್ಟಿ ವಾಲ್ವ್ ಬಿಚ್ಚಿ. ಮೇಲಿನ ತೂತಿನಿಂದ ಮೊದಲು ನೀರು ಹೊಡೆಯಿರಿ, ಆಮೇಲೆ ಕೆಳಮೂಲೆಗಳಿಂದ. ಹೀಗೆ ಮಾಡಿದರೆ ಕ್ರೌನ್ ಶೀಟ್ ಮೇಲಿನದ್ದು ಕೆಳಗಿಳಿದು, ಕೆಳಗಿನದ್ದು ಹೊರಗೆ ಹೋಗುತ್ತದೆ. ತೆಳುವಾದ ಪೈಪನ್ನು ತೋಟದ ನೀರಿನ ಪೈಪಿಗೆ ಸಿಕ್ಕಿಸಿಕೊಂಡರೆ ಮೂಲೆಗೂ ತಲುಪುತ್ತದೆ. ತೊಳೆದ ನೀರನ್ನು ಬಿಳಿ ಬಕೆಟ್‌ನಲ್ಲಿ ಹಿಡಿಯಿರಿ. ತಳದಲ್ಲಿ ಮೊಟ್ಟೆಯ ಚಿಪ್ಪಿನಂಥ ಚೂರುಗಳು ಕೂತಿದ್ದರೆ ಒಳಗೆ ಪೊರೆ ಕಟ್ಟಿ ಕಳಚುತ್ತಿದೆ. ಬರೀ ಪುಡಿ ಇದ್ದರೆ ಚಿಂತೆಯಿಲ್ಲ.

ಆಮೇಲೆ ಸೇಫ್ಟಿ ವಾಲ್ವ್ ಬಿಚ್ಚಿದ ತೂತಿನಿಂದ ಮೊಬೈಲ್‌ಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ. ಕ್ರೌನ್ ಶೀಟ್ ಮತ್ತು ಅದರ ಸ್ಟೇಗಳು (ಉಬ್ಬದಂತೆ ಹಿಡಿದಿಡುವ ಕಂಬಿಗಳು) ಕಾಣುತ್ತವೆ. ತಾಮ್ರದ ಕಂದು ಬಣ್ಣ ಅಲ್ಲಲ್ಲಿ ಇಣುಕುತ್ತಿದ್ದರೆ ಆಸಿಡ್ ಬೇಡ, ಇಲ್ಲಿಗೇ ನಿಲ್ಲಿಸಿ. ಇಡೀ ತಳ ಬಿಳಿ ಅಥವಾ ಬೂದು ಪದರದಲ್ಲಿ ಮುಚ್ಚಿಹೋಗಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಪ್ಲಗ್ ಹಾಕುವಾಗ ಟೆಫ್ಲಾನ್ ಟೇಪನ್ನು ಮೊದಲ ಎಳೆ ಬಿಟ್ಟು ಸುತ್ತಿ. ಒಳಗೆ ಜೋತುಬಿದ್ದ ಟೇಪಿನ ಚೂರು ಹರಿದು ಬ್ಲೋಡೌನ್ ವಾಲ್ವ್‌ನಲ್ಲೋ ಗೇಜ್ ಗ್ಲಾಸ್ ದಾರಿಯಲ್ಲೋ ಸಿಕ್ಕಿಕೊಂಡರೆ ಹುಡುಕುವುದು ಕಷ್ಟ.

ಪೊರೆ ಬಿಡಿಸುವುದು

ಎಣ್ಣೆ ಇದೆ ಅಂತ ಅನುಮಾನ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಎಣ್ಣೆಯ ಪದರದ ಮೇಲೆ ಆಸಿಡ್ ಕೆಲಸ ಮಾಡುವುದಿಲ್ಲ. ಬಟ್ಟೆ ಸೋಡಾವನ್ನು ಲೀಟರಿಗೆ 20 ಗ್ರಾಂನಂತೆ ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದೆರಡು ಗಂಟೆ ಬಿಟ್ಟು, ಚೆನ್ನಾಗಿ ತೊಳೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಲೇಬೇಡಿ. ಅದರ ಅಂಶ ಚೂರು ಉಳಿದರೂ ಮುಂದಿನ ಸಲ ನೊರೆ ಎದ್ದು ಚಿಮಣಿಯಿಂದ ನೀರು ಕಾರುತ್ತದೆ.

ಪೊರೆಗೆ ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುತ್ತಾರಲ್ಲ, ಅದೇ. ಬಚ್ಚಲುಮನೆಯ ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜುವ ಹಾಗೇ ಇದೂ. ಹುಳಿ ತಾಮ್ರದ ಮೇಲಿನ ಕೊಳೆಯನ್ನು ಕರಗಿಸುತ್ತದೆ, ತಾಮ್ರವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಬೇಗ ಕೆಲಸ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಯವಾಗಿ ಬೇಡ ಅನ್ನಿ.

1. ಹಿತ್ತಾಳೆ ಬಿಡಿಭಾಗಗಳನ್ನೆಲ್ಲ ಬಿಚ್ಚಿ: ಗೇಜ್ ಗ್ಲಾಸ್, ಕ್ಲ್ಯಾಕ್ ವಾಲ್ವ್ (ನೀರನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ವಾಲ್ವ್), ಸೇಫ್ಟಿ ವಾಲ್ವ್, ಒತ್ತಡದ ಗೇಜು. ಆಸಿಡ್ ಹಿತ್ತಾಳೆಯಿಂದ ಸತುವನ್ನು ಎಳೆದು ಹಾಕುತ್ತದೆ, ಲೋಹ ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಪುಡಿ ಆಗುತ್ತದೆ. ಕೆಳಗಿನ ತೂತುಗಳಿಗೆ ಪ್ಲಗ್ ಹಾಕಿ. ಸ್ಟೀಲ್ ಬೋಲ್ಟ್ ಹಾಕಬೇಡಿ.

2. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ. ನೀರು ಬೆಚ್ಚಗಿರಲಿ, 40ರಿಂದ 50 ಡಿಗ್ರಿ. ಕೈಗವಸು, ಕನ್ನಡಕ ಹಾಕಿಕೊಂಡು ಬಾಯ್ಲರ್ ಪೂರ್ತಿ ತುಂಬಿ.

3. ಮೇಲಿನ ತೂತು ತೆರೆದೇ ಇರಲಿ. 100 ಗ್ರಾಂ ಸುಣ್ಣದ ಪೊರೆ ಕರಗಿದರೆ ಸುಮಾರು 24 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಮುಚ್ಚಿದರೆ ಅದು ಹೋಗುವುದೆಲ್ಲಿಗೆ?

ಬೆಂಕಿ ಹಾಕಿ ಕುದಿಸಿದರೆ ಬೇಗ ಆಗುತ್ತದೆ ಅಂತ ಅನಿಸುತ್ತದೆ. ಆಗುವುದು ಉಲ್ಟಾ. ಪೊರೆ ಕರಗಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವ ಜಾತಿಯದು. ಕುದಿಸಿದರೆ ಅದೇ ಒಂದು ಹೊಸ ಬಿಳಿ ಕೆಸರಾಗಿ ಒಳಗೆ ಕೂರುತ್ತದೆ.

ಎಷ್ಟು ಹೊತ್ತು ಬಿಡಬೇಕು? ಗಡಿಯಾರ ನೋಡುವುದಕ್ಕಿಂತ ಚಮಚದ ಪರೀಕ್ಷೆ ಒಳ್ಳೆಯದು. ಗುಳ್ಳೆ ನಿಂತ ಮೇಲೆ ಒಂದು ಚಮಚ ದ್ರಾವಣ ಹೊರತೆಗೆದು ಚಿಟಿಕೆ ಅಡುಗೆ ಸೋಡಾ ಹಾಕಿ. ಚುರ್ ಅಂತ ನೊರೆ ಎದ್ದರೆ ಆಸಿಡ್‌ನಲ್ಲಿ ಇನ್ನೂ ಶಕ್ತಿ ಇದೆ, ಅಂದರೆ ಅದಕ್ಕೆ ಕರಗುವ ಪೊರೆ ಮುಗಿದಿದೆ. ಸೋಡಾ ಸುಮ್ನೆ ಕರಗಿಹೋದರೆ ಆಸಿಡ್ ಮುಗಿದಿದೆ, ಪೊರೆ ಇನ್ನೂ ಇರಬಹುದು. ಚೆಲ್ಲಿ, ಹೊಸದು ತುಂಬಿ. 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಬಲ್ಲದ್ದು ಹೆಚ್ಚೆಂದರೆ 39 ಗ್ರಾಂ ಸುಣ್ಣ, ಹಾಗಾಗಿ ತುಂಬಾ ಪೊರೆ ಇದ್ದರೆ ಎರಡು ಮೂರು ಸಲ ಬೇಕಾಗುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆ ಸಾಕು, ದಿನಗಟ್ಟಲೆ ಬಿಡಬೇಡಿ. ದ್ರಾವಣ ತಿಳಿ ಹಸಿರು-ನೀಲಿ ಆಗುವುದು ಸಹಜ. ದಟ್ಟ ಬಣ್ಣಕ್ಕೆ ತಿರುಗಿದರೆ ಸಾಕು ಅಂತ ತಿಳಿದು ತೆಗೆಯಿರಿ.

ಆಸಿಡ್‌ನಲ್ಲಿ ಶಕ್ತಿ ಇದ್ದೂ ಬಿಳಿ ಪದರ ಕದಲದಿದ್ದರೆ ಅದು ಕ್ಯಾಲ್ಸಿಯಂ ಸಲ್ಫೇಟ್ ಇರಬಹುದು. ಅದಕ್ಕೆ ಸಿಟ್ರಿಕ್ ಆಸಿಡ್ ಮದ್ದಲ್ಲ. ಆಸಿಡ್ ಜಾಸ್ತಿ ಮಾಡಿ ಹಟ ಹಿಡಿಯಬೇಡಿ.

4. ಖಾಲಿ ಮಾಡಿ ಎರಡು ಸಲ ತೊಳೆಯಿರಿ. ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿದ ನೀರು ತುಂಬಿ ಹತ್ತು ನಿಮಿಷ ಬಿಡಿ. ಆಗಲೂ ಮೇಲಿನ ತೂತು ತೆರೆದಿರಲಿ. ಮತ್ತೆ ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯಿರಿ.

ಬಿಡಿಭಾಗಗಳು

ಗೇಜ್ ಗ್ಲಾಸ್ ಸುಳ್ಳು ಹೇಳಿದರೆ ಬಾಯ್ಲರ್ ಸುಡುತ್ತದೆ. ಓಡಿಸುವಾಗ ಆಗಾಗ ಅದರ ಕೆಳಗಿನ ಕಾಕ್ ತೆರೆದು ಮುಚ್ಚಿ. ನೀರು ಪಟ್ ಅಂತ ಮೇಲೆ ಹಾರಬೇಕು. ನಿಧಾನಕ್ಕೆ ತೆವಳಿದರೆ ದಾರಿ ಕಟ್ಟಿಕೊಳ್ಳುತ್ತಿದೆ, ಬಿಚ್ಚಿ ತೊಳೆಯಿರಿ. ಗಾಜು ಕೂರಿಸುವಾಗ ನಟ್ಟನ್ನು ಕೈಬಿಗಿಯ ಮೇಲೆ ಚೂರೇ ಬಿಗಿ ಮಾಡಿ. ಬಿಸಿಗೆ ಹಿಗ್ಗಲು ಜಾಗ ಇಲ್ಲದಿದ್ದರೆ ಗಾಜು ಒಡೆಯುತ್ತದೆ.

ಎಂಜಿನ್ ಹಬೆಯಲ್ಲಿರುವಾಗ ಕ್ಲ್ಯಾಕ್ ವಾಲ್ವ್‌ನ ಪೈಪ್ ಇಂಜೆಕ್ಟರ್ ತನಕ ಸುಡುತ್ತಿದ್ದರೆ ವಾಲ್ವಿನ ಗುಂಡು ಸರಿಯಾಗಿ ಕೂರುತ್ತಿಲ್ಲ. ಬಿಸಿಯಾದ ಇಂಜೆಕ್ಟರ್ ನೀರು ಎತ್ತುವುದಿಲ್ಲ. ಜನ ಇಂಜೆಕ್ಟರ್‌ಗೆ ಬೈಯುತ್ತಾ ಕೂರುತ್ತಾರೆ, ತಪ್ಪು ಕ್ಲ್ಯಾಕ್‌ನದ್ದು. ಇಂಜೆಕ್ಟರ್ ಕೋನ್‌ಗಳನ್ನು ಸ್ವಲ್ಪ ಹೊತ್ತು ಸಿಟ್ರಿಕ್ ದ್ರಾವಣದಲ್ಲಿಟ್ಟು, ಚೂಪು ಮಾಡಿದ ಊದುಬತ್ತಿ ಕಡ್ಡಿಯಿಂದ ಸ್ವಚ್ಛ ಮಾಡಿ. ತಂತಿ, ಸೂಜಿ ಹಾಕಿದರೆ ತೂತಿನ ಆಕಾರ ಕೆಟ್ಟು ಇಂಜೆಕ್ಟರ್ ಗುಜರಿಗೆ ಹೋಗುತ್ತದೆ.

ಸೇಫ್ಟಿ ವಾಲ್ವ್ ಸೋರುತ್ತದೆ ಅಂತ ಸ್ಪ್ರಿಂಗ್ ಬಿಗಿ ಮಾಡುವುದು ಅಪರಾಧ ಅಂತಲೇ ತಿಳಿಯಿರಿ. ಗುಂಡು, ಅದರ ಸೀಟ್ ಎರಡನ್ನೂ ತೊಳೆಯಿರಿ, ಬೇಕಾದರೆ ಗುಂಡು ಬದಲಿಸಿ. ಸೆಟ್ಟಿಂಗ್ ಮುಟ್ಟಬೇಡಿ.

ಹೈಡ್ರಾಲಿಕ್ ಟೆಸ್ಟ್

ಭಾರತದ ಬಾಯ್ಲರ್ ಕಾನೂನು 25 ಲೀಟರಿಗಿಂತ ಕಡಿಮೆ ಹಿಡಿಯುವುದನ್ನು ಬಾಯ್ಲರ್ ಅಂತಲೇ ಎಣಿಸುವುದಿಲ್ಲ. ಅಂದರೆ ನಮ್ಮ ಎಂಜಿನ್‌ಗಳನ್ನು ಪರೀಕ್ಷಿಸಲು ಇನ್ಸ್‌ಪೆಕ್ಟರ್ ಬರುವುದಿಲ್ಲ. ಬ್ರಿಟನ್ನಿನಲ್ಲಿ ಕ್ಲಬ್‌ಗಳೇ ಸೇರಿ ನಿಯಮ ಮಾಡಿಕೊಂಡಿವೆ: ಹೊಸ ಬಾಯ್ಲರ್‌ಗೆ ಕೆಲಸದ ಒತ್ತಡದ 2 ಪಟ್ಟು, ಆಮೇಲೆ ಕೆಲವು ವರ್ಷಗಳಿಗೊಮ್ಮೆ 1.5 ಪಟ್ಟು ನೀರಿನ ಒತ್ತಡದ ಪರೀಕ್ಷೆ, ಜೊತೆಗೆ ವರ್ಷವರ್ಷವೂ ಹಬೆ ಪರೀಕ್ಷೆ. ಸರ್ಟಿಫಿಕೇಟ್ ಇಲ್ಲದ ಎಂಜಿನ್ ಕ್ಲಬ್ ಹಳಿಯ ಮೇಲೆ ಹತ್ತುವುದಿಲ್ಲ. ಇಲ್ಲಿ ಕೇಳುವವರಿಲ್ಲ ಅಂತ ಬಿಡದೆ ಅದೇ ಕ್ರಮ ಪಾಲಿಸಿ. ಪೊರೆ ಬಿಡಿಸಿದ ಮೇಲಂತೂ ಮಾಡಲೇಬೇಕು. ಕೆಲವು ಸಲ ಸಣ್ಣ ಸೋರಿಕೆಯನ್ನು ಪೊರೆಯೇ ಮುಚ್ಚಿಟ್ಟಿರುತ್ತದೆ.

ಸೇಫ್ಟಿ ವಾಲ್ವ್, ಗೇಜ್ ಗ್ಲಾಸ್, ಎಂಜಿನ್ನಿನ ಸ್ವಂತ ಗೇಜು ತೆಗೆದು ಪ್ಲಗ್ ಹಾಕಿ. ಬಾಯ್ಲರ್‌ನಲ್ಲಿ ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಿ. ನೀರು ಕುಗ್ಗುವುದು ತೀರಾ ಕಡಿಮೆ, ಹಾಗಾಗಿ ಎಲ್ಲಾದರೂ ಬಿರಿದರೂ ಒಂದು ಚಿಮ್ಮು ನೀರು ಬಂದು ಒತ್ತಡ ಇಳಿದುಬಿಡುತ್ತದೆ. ಒಳಗೆ ಗಾಳಿ ಇದ್ದರೆ ಅದು ಸ್ಫೋಟ. ಇದೇ ಕಾರಣಕ್ಕೆ ಕಂಪ್ರೆಸರ್‌ನಿಂದ ಪರೀಕ್ಷೆ ಮಾಡಲೇಬಾರದು.

ಕೈಪಂಪು, ನಂಬಿಕಸ್ತ ಗೇಜು ಸಿಕ್ಕಿಸಿ. 80 ಪಿಎಸ್‌ಐ ಬಾಯ್ಲರ್ ಆದರೆ 120ಕ್ಕೆ ಹೋಗಬೇಕು. 40, 80, 100 ಹೀಗೆ ನಿಲ್ಲಿಸುತ್ತಾ ಹೋಗಿ, ಪ್ರತಿ ಸಲವೂ ಸುತ್ತ ನೋಡಿ. 120ರಲ್ಲಿ ಹತ್ತು ನಿಮಿಷವಾದರೂ ಬಿಡಿ. ಸ್ಟೇಗಳ ತಲೆ, ಟ್ಯೂಬ್ ತುದಿ, ಫೌಂಡೇಶನ್ ರಿಂಗ್ ಮೂಲೆಗಳನ್ನು ಒಣ ಟಿಶ್ಯೂ ಕಾಗದದಿಂದ ಒತ್ತಿ ನೋಡಿದರೆ ಕಣ್ಣಿಗೆ ಕಾಣದ ತೇವವೂ ಗೊತ್ತಾಗುತ್ತದೆ. ಫೈರ್‌ಬಾಕ್ಸ್‌ನ ಚಪ್ಪಟೆ ಗೋಡೆಗಳ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಉಬ್ಬಿದೆಯಾ ಅಂತ ಮೊದಲೂ ಆಮೇಲೂ ನೋಡಿ. ಪ್ಲಗ್‌ಗಳ ಎಳೆಯಲ್ಲಿ ಜಿನುಗಿದರೆ ಅದು ಬಾಯ್ಲರ್ ದೋಷವಲ್ಲ. ಉಬ್ಬು ಕಂಡರೆ ಮಾತ್ರ ಪಂಪು ಕೆಳಗಿಡಿ, ಆ ಬಾಯ್ಲರ್‌ಗೆ ಇನ್ನು ಬೆಂಕಿ ಹಾಕಬೇಡಿ. ಗೆದ್ದ ಬಾಯ್ಲರ್‌ನ ತಾರೀಖು, ಒತ್ತಡ ಪುಸ್ತಕದಲ್ಲಿ ಬರೆದಿಡಿ.

ಬಿಡಿಭಾಗ ಜೋಡಿಸಿ ಮೊದಲ ಸಲ ಹಬೆ ಏರಿಸುವಾಗ ಅವಸರ ಬೇಡ. 20 ಪಿಎಸ್‌ಐಗೆ ತಂದು ಒಮ್ಮೆ ಬ್ಲೋಡೌನ್ ಮಾಡಿ ಉಳಿದ ಕೊಳೆ ಕಳಿಸಿ, ಆಮೇಲೆ ಪೂರ್ತಿ ಏರಿಸಿ. ಸೇಫ್ಟಿ ವಾಲ್ವ್ ಒತ್ತಡದ ಗೇಜಿನ ಮೇಲಿನ ಕೆಂಪು ಗೆರೆಯ (ಕೆಲಸದ ಒತ್ತಡದ ಗುರುತು) ಹತ್ತಿರ ತೆರೆಯಬೇಕು. ಬ್ಲೋವರ್ ಹಾಕಿ ಬೆಂಕಿ ಜೋರಾಗಿದ್ದಾಗಲೂ ಒತ್ತಡ ಕೆಲಸದ ಮಟ್ಟಕ್ಕಿಂತ ಶೇ. 10ರಷ್ಟು ಮೇಲೆ ಹೋಗಬಾರದು.

ಬೇರೆ ಬಾಯ್ಲರ್‌ಗಳು, ಎತ್ತಿಡುವುದು

ಸ್ಟೀಲ್ ಬಾಯ್ಲರ್‌ಗೆ ಶತ್ರು ಪೊರೆಗಿಂತ ತುಕ್ಕು. ಅದಕ್ಕೆ ಟ್ಯಾನಿನ್ ಬೆರೆಸಿದ ನೀರಿನ ಔಷಧಿ ಬೇಕು, ಮೇಲೆ ಹೇಳಿದ ಆಸಿಡ್ ವಿಧಾನ ಅದಕ್ಕಲ್ಲ. ಮೆತ್ತನೆ ಬೆಸುಗೆಯ ಹಿತ್ತಾಳೆ ಆಟಿಕೆ ಬಾಯ್ಲರ್‌ಗೂ ಆಸಿಡ್ ಬೇಡ. ಗ್ಯಾಸ್‌ನಲ್ಲಿ ಓಡುವ ಪುಟ್ಟ ಎಂಜಿನ್‌ಗಳಲ್ಲಿ ಬ್ಲೋಡೌನ್ ವಾಲ್ವೇ ಇರುವುದಿಲ್ಲ ಎಷ್ಟೋ ಸಲ. ತಣ್ಣಗಾದ ಮೇಲೆ, ಗ್ಯಾಸ್ ಟ್ಯಾಂಕ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಸಿರಿಂಜಿನಿಂದ ಒಳ್ಳೆಯ ನೀರು ಹಾಕಿ ಅಲ್ಲಾಡಿಸಿ ಮಗುಚಿ ಸುರಿದರೆ ಆಯಿತು.

ತಾಮ್ರದ ಬಾಯ್ಲರನ್ನು ಬೆಚ್ಚಗಿರುವಾಗಲೇ ಖಾಲಿ ಮಾಡಿ, ಮೇಲೆ ಕೆಳಗೆ ಒಂದೊಂದು ತೂತು ತೆರೆದಿಡಿ. ಉಳಿದ ಬಿಸಿಗೇ ಒಳಗೆ ಒಣಗುತ್ತದೆ. ಪ್ಲಗ್‌ಗಳನ್ನು ಒಂದು ಚೀಲದಲ್ಲಿ ಹಾಕಿ ರೆಗ್ಯುಲೇಟರ್ ಹಿಡಿಗೆ ಕಟ್ಟಿ, ಪ್ಲಗ್ ಇಲ್ಲದೆ ಬೆಂಕಿ ಹಾಕುವ ಎಡವಟ್ಟು ತಪ್ಪುತ್ತದೆ. ಇಂಗ್ಲೆಂಡ್, ಅಮೆರಿಕದ ಚಳಿಯಲ್ಲಿ ಎಂಜಿನ್ ಇಟ್ಟುಕೊಂಡ ಕನ್ನಡಿಗರು ಬಾಯ್ಲರ್ ಜೊತೆ ಕೈಪಂಪು, ಆಕ್ಸಲ್ ಪಂಪು, ಇಂಜೆಕ್ಟರ್, ನೀರಿನ ಟ್ಯಾಂಕ್ ಎಲ್ಲವನ್ನೂ ಖಾಲಿ ಮಾಡಿ. ಪಂಪಿನೊಳಗೆ ಉಳಿದ ಒಂದು ಗುಟುಕು ನೀರು ಹೆಪ್ಪುಗಟ್ಟಿದರೂ ಅದರ ಗೋಡೆ ಸೀಳುತ್ತದೆ.